ಯೂರಿಡಿಸಿಗೆ ಷರತ್ತು ತಿಳಿದಿತ್ತೇ?

ಗ್ರೀಕ್ ಪುರಾಣಲೋಕದಲ್ಲಿ ದುರ್ಮರಣಕ್ಕೆ ಈಡಾದ ಪತ್ನಿಯರಿಗೆ ಕೊರತೆಯಿಲ್ಲ. ಗಂಡನ ಬದಲಿಗೆ ತಾನೇ ಸಾಯಲು ಒಪ್ಪಿದ ಆಲ್ಸೆಸ್ಟಿಸ್ ಇದ್ದಾಳೆ. ಗಂಡನ ಪ್ರೀತಿಯನ್ನು ಉಳಿಸಿಕೊಳ್ಳಲೆಂದು ವಿಷವನ್ನೇ ಮದ್ದೆಂದು ನಂಬಿ, ಅವನನ್ನೂ ಕಳೆದುಕೊಂಡು ತಾನೂ ಪ್ರಾಣ ಬಿಟ್ಟ ಡಯನೀರಾ ಇದ್ದಾಳೆ. ಪೊದೆಯ ಮರೆಯಲ್ಲಿದ್ದಾಗ ಬೇಟೆಗಾರ ಗಂಡನ ಈಟಿಗೆ ಬಲಿಯಾದ ಪ್ರೋಕ್ರಿಸ್ ಇದ್ದಾಳೆ. ಇವರೆಲ್ಲರೂ ಏನನ್ನಾದರೂ ಬಯಸಿದವರು, ಏನನ್ನಾದರೂ ಮಾಡಿದವರು. ಆದರೆ ಜಗತ್ತು ಎರಡು ಸಾವಿರ ವರ್ಷಗಳಿಂದ ಮತ್ತೆ ಮತ್ತೆ ಕರೆದು ನಿಲ್ಲಿಸಿಕೊಂಡಿರುವುದು ಇವರನ್ನಲ್ಲ, ಏನನ್ನೂ ಮಾಡದ ಯೂರಿಡಿಸಿಯನ್ನು. ಅವಳು ಹುಲ್ಲಿನ ಮೇಲೆ ನಡೆದಳು, ಹಾವು ಕಚ್ಚಿ ಸತ್ತಳು. ಪಾತಾಳದಿಂದ ಗಂಡನ ಹಿಂದೆ ನಡೆದು ಬಂದಳು, ಅವನು ಹೊರಳಿ ನೋಡಿದ್ದರಿಂದ ಮತ್ತೊಮ್ಮೆ ಸತ್ತಳು. ಅವಳ ಚರಿತ್ರೆ ಇಷ್ಟೇ. ಇಷ್ಟು ಅಲ್ಪವಾದ ಚರಿತ್ರೆಗೆ ಇಷ್ಟು ದೀರ್ಘವಾದ ಆಯುಷ್ಯ ಹೇಗೆ ಬಂದಿತೆಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಕಥೆಯನ್ನು ಅರಿಯದ ಓದುಗರಿಗಾಗಿ ನಾಲ್ಕು ಮಾತು. ಆರ್ಫಿಯಸ್ ಥ್ರೇಸ್ ದೇಶದ ಗಾಯಕ, ಕಾವ್ಯದೇವತೆ ಕ್ಯಾಲಿಯೊಪಿಯ ಮಗ. ಅವನು ಲೈರ್ ವಾದ್ಯವನ್ನು ಮೀಟಿದರೆ ಮೃಗಗಳು ಮಾತ್ರವಲ್ಲ, ಮರಗಳೂ ಬಂಡೆಗಳೂ ಕಿವಿಗೊಡುತ್ತಿದ್ದವು. ಮದುವೆಯಾದ ಹೊಸತರಲ್ಲಿಯೇ ಪತ್ನಿ ಯೂರಿಡಿಸಿ ಹಾವು ಕಚ್ಚಿ ಮಡಿಯುತ್ತಾಳೆ. ಅವನು ಜೀವಂತವಾಗಿಯೇ ಪಾತಾಳಕ್ಕಿಳಿದು ಹಾಡುತ್ತಾನೆ. ಕಾವಲುನಾಯಿ ಸೆರ್ಬರಸ್ ತೆಪ್ಪಗಾಗುತ್ತದೆ. ಕಲ್ಲನ್ನು ಗುಡ್ಡಕ್ಕೆ ಉರುಳಿಸುವ ಶಿಕ್ಷೆಗೊಳಗಾದ ಸಿಸಿಫಸ್ ಆ ಕಲ್ಲಿನ ಮೇಲೆಯೇ ಕುಳಿತು ಕೇಳುತ್ತಾನೆ. ಮೃತ್ಯುಲೋಕದ ದೊರೆ ಹೇಡೀಸ್, ರಾಣಿ ಪರ್ಸೆಫೊನಿ ಇಬ್ಬರ ಮನವೂ ಕರಗಿ ಅವಳನ್ನು ಬಿಟ್ಟುಕೊಡುತ್ತಾರೆ. ಒಂದು ಷರತ್ತು ಮಾತ್ರ: ಬೆಳಕಿನ ಲೋಕವನ್ನು ಮುಟ್ಟುವವರೆಗೆ ಅವನು ಹಿಂತಿರುಗಿ ನೋಡಕೂಡದು. ಬಾಗಿಲಿನ ಹತ್ತಿರ ಬಂದಾಗ ಅವನು ನೋಡಿಬಿಡುತ್ತಾನೆ.

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಬಿಡುವಿನ ಪಿರಿಯಡ್ ಸಿಕ್ಕಾಗ ಮಕ್ಕಳಿಗೆ ಇಂಥ ಕಥೆಗಳನ್ನು ಹೇಳುವ ಅಭ್ಯಾಸ ನನಗಿತ್ತು. ಈ ಕಥೆ ಮುಗಿದ ಮೇಲೆ ಹುಡುಗರು ಕೇಳುತ್ತಿದ್ದ ಪ್ರಶ್ನೆ ಪ್ರತಿವರ್ಷವೂ ಒಂದೇ: "ಅವನು ಯಾಕೆ ಸಾರ್ ತಿರುಗಿ ನೋಡಿದ?" ಒಂದು ವರ್ಷ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ತಿರುಗಿ ನೋಡಬಾರದು ಅನ್ನೋದು ಅವಳಿಗೆ ಗೊತ್ತಿತ್ತಾ?" ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆರ್ಫಿಯಸ್ ಏಕೆ ಹೊರಳಿದನೆಂಬುದಕ್ಕೆ ವಿದ್ವಾಂಸರು ಬರೆದಿರುವ ಪುಟಗಳಿಗೆ ಲೆಕ್ಕವಿಲ್ಲ. ಆದರೆ ಕಥೆಯ ಕೀಲಿಕೈ ಇರುವುದು ಆ ಬಾಲಿಕೆಯ ಪ್ರಶ್ನೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಲಗ್ರಂಥಗಳನ್ನು ನೋಡೋಣ. ಕಥೆಯ ಪೂರ್ಣರೂಪ ನಮಗೆ ದೊರೆಯುವುದು ಇಬ್ಬರು ರೋಮನ್ ಕವಿಗಳಲ್ಲಿ. ಕ್ರಿ.ಪೂ. 29ರ ಸುಮಾರಿಗೆ ಮುಗಿದ ವರ್ಜಿಲನ 'ಜಾರ್ಜಿಕ್ಸ್' ಬೇಸಾಯದ ಕಾವ್ಯ. ಅದರ ನಾಲ್ಕನೆಯ ಭಾಗದಲ್ಲಿ, ಜೇನುಸಾಕಣೆಯ ಪ್ರಸಂಗದ ನಡುವೆ ಈ ಕಥೆ ಬರುತ್ತದೆ. ಅರಿಸ್ಟೇಯಸ್ ಎಂಬ ಜೇನುಸಾಕುವವನು ಯೂರಿಡಿಸಿಯನ್ನು ಕೆಡಿಸಲೆಂದು ಬೆನ್ನಟ್ಟುತ್ತಾನೆ. ತಪ್ಪಿಸಿಕೊಳ್ಳಲು ನದಿಯ ದಡದಲ್ಲಿ ಓಡುವಾಗ, ಹುಲ್ಲಿನಲ್ಲಿದ್ದ ಹಾವು ಅವಳ ಕಣ್ಣಿಗೆ ಬೀಳುವುದಿಲ್ಲ. ಆ ಪಾಪದ ಫಲವಾಗಿ ಅರಿಸ್ಟೇಯಸನ ಜೇನುನೊಣಗಳೆಲ್ಲ ಸಾಯುತ್ತವೆ. ತನ್ನ ನೊಣಗಳೇಕೆ ಸತ್ತವೆಂದು ಅವನು ವಿಚಾರಿಸುವಾಗಲೇ ಯೂರಿಡಿಸಿಯ ಕಥೆ ಹೊರಬರುವುದು. ಕೊನೆಗೆ ಎತ್ತು ಕಡಸುಗಳನ್ನು ಬಲಿಕೊಟ್ಟಾಗ ಅವುಗಳ ಕಳೇಬರದಿಂದ ಹೊಸ ಜೇನುಹಿಂಡು ಹೊರಡುತ್ತದೆ. ಬೆನ್ನಟ್ಟಿದವನಿಗೆ ಜೇನು ಮರಳಿ ಸಿಕ್ಕಿತು. ಹಾಡಿದವನಿಗೆ ಹೆಂಡತಿ ಸಿಗಲಿಲ್ಲ. ಓಡಿದವಳಿಗೆ ಏನು ಸಿಕ್ಕಿತೆಂದು ಕೇಳುವವರೇ ಇಲ್ಲ.

ಸುಮಾರು ಕ್ರಿ.ಶ. 8ರ ವೇಳೆಗೆ 'ಮೆಟಮಾರ್ಫೊಸಿಸ್' ಬರೆದ ಓವಿಡ್ ಈ ಅರಿಸ್ಟೇಯಸನನ್ನು ಸದ್ದಿಲ್ಲದೆ ಕಥೆಯಿಂದ ಕೈಬಿಟ್ಟ. ಅವನಲ್ಲಿ ಯೂರಿಡಿಸಿ ಸಖಿಯರೊಡನೆ ಹುಲ್ಲುಗಾವಲಿನಲ್ಲಿ ವಿಹರಿಸುತ್ತಿದ್ದಾಗ ಹಿಮ್ಮಡಿಗೆ ಹಾವು ಕಚ್ಚುತ್ತದೆ. ಮುಂದಿನ ಶತಮಾನಗಳು ಹೆಚ್ಚಾಗಿ ಓವಿಡನನ್ನೇ ಅನುಸರಿಸಿದುದರಿಂದ ಅಪರಾಧವೊಂದು ಆಕಸ್ಮಿಕವಾಗಿಬಿಟ್ಟಿತು. ವರ್ಜಿಲನಲ್ಲಿ ಎರಡನೆಯ ಸಾವಿನ ಹೊತ್ತಿಗೆ ಅವಳಿಗೆ ಐದು ಸಾಲುಗಳ ಮಾತಾದರೂ ಇದೆ. ಇದೆಂತಹ ಹುಚ್ಚು ನಮ್ಮಿಬ್ಬರನ್ನೂ ಕೆಡಿಸಿತೆಂದು ಗಂಡನನ್ನು ಕೇಳುತ್ತಾಳೆ. ಓವಿಡನಲ್ಲಿ ಅದೂ ಇಲ್ಲ. ಗಂಡನ ಕಿವಿಗೆ ಸರಿಯಾಗಿ ತಲಪದ ಒಂದು ವಿದಾಯದ ಮಾತು ಮಾತ್ರ. ಅವಳು ದೂರಲಿಲ್ಲವೆಂದೂ, ಪ್ರೀತಿಸಲ್ಪಟ್ಟೆನೆಂಬುದನ್ನು ಬಿಟ್ಟರೆ ದೂರಲು ಅವಳಿಗೆ ಕಾರಣವಾದರೂ ಏನಿತ್ತೆಂದೂ ಕವಿ ತಾನೇ ಅವಳ ಪರವಾಗಿ ತೀರ್ಮಾನ ಕೊಟ್ಟುಬಿಡುತ್ತಾನೆ. ಅನೇಕ ವಿಮರ್ಶಕರು ಮೆಚ್ಚಿರುವ ಜಾಗವಿದು. ನನಗೆ ಮಾತ್ರ ಆ ತೀರ್ಮಾನ ಬಹಳ ಅವಸರದ್ದೆನಿಸುತ್ತದೆ.

ಷರತ್ತಿನ ವಿಷಯಕ್ಕೆ ಬಂದರೆ, ಓವಿಡನಲ್ಲಿ ಆರ್ಫಿಯಸ್ ಹೆಂಡತಿಯನ್ನೂ ಷರತ್ತನ್ನೂ ಒಟ್ಟಿಗೆ ಸ್ವೀಕರಿಸುತ್ತಾನೆ. ಅಂದರೆ ಕೊಟ್ಟವರು ಮೃತ್ಯುಲೋಕದ ದಂಪತಿಗಳು, ತೆಗೆದುಕೊಂಡವನು ಗಂಡ. ಒಪ್ಪಂದಕ್ಕೆ ವಸ್ತುವಾದವಳಿಗೆ ಒಪ್ಪಂದದ ಮಾತನ್ನು ಯಾರಾದರೂ ತಿಳಿಸಿದರೇ? ಕವಿ ಹೇಳುವುದಿಲ್ಲ. ಹಾವಿನ ಕಡಿತದಿಂದ ಕುಂಟುತ್ತ ಬಂದಳೆಂದು ಮಾತ್ರ ಹೇಳುತ್ತಾನೆ.

ಹೆಸರಿನ ವಿಷಯದಲ್ಲಿಯೂ ಇದೇ ಗತಿ. ಕ್ರಿ.ಪೂ. 438ರಲ್ಲಿ ಆಡಲ್ಪಟ್ಟ ಯೂರಿಪಿಡೀಸನ 'ಆಲ್ಸೆಸ್ಟಿಸ್' ನಾಟಕದಲ್ಲಿ ಆರ್ಫಿಯಸನ ಗಾನದ ಪ್ರಸ್ತಾಪವಿದೆ, ಅವನ ಹೆಂಡತಿಯ ಹೆಸರಿಲ್ಲ. ಪ್ಲೇಟೋವಿನ 'ಸಿಂಪೋಸಿಯಂ'ನಲ್ಲಿ ಫೀಡ್ರಸ್ ಎಂಬವನು ಆರ್ಫಿಯಸನನ್ನು ಹಳಿಯುತ್ತಾನೆ: ಪ್ರೀತಿಗಾಗಿ ಸಾಯುವ ಧೈರ್ಯವಿಲ್ಲದೆ ಬದುಕಿದ್ದುಕೊಂಡೇ ಪಾತಾಳಕ್ಕೆ ನುಸುಳಿದ ಅಂಜುಬುರುಕನಿಗೆ ದೇವತೆಗಳು ಹೆಂಡತಿಯನ್ನಲ್ಲ, ಅವಳ ನೆರಳನ್ನು ಮಾತ್ರ ತೋರಿಸಿ ಕಳುಹಿಸಿದರಂತೆ. ಅಲ್ಲಿಯೂ ಅವಳಿಗೆ ಹೆಸರಿಲ್ಲ. ಹರ್ಮೆಸಿಯಾನಕ್ಸ್ ಎಂಬ ಕವಿ ಅವಳನ್ನು ಅಗ್ರಿಯೊಪೆ ಎಂದು ಕರೆದ. ಯೂರಿಡಿಸಿ ಎಂಬ ಹೆಸರು ನೆಲೆಗೊಂಡದ್ದು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಸುಮಾರಿಗೆ. ಆ ಹೆಸರಿಗೆ 'ವಿಶಾಲವಾದ ನ್ಯಾಯವುಳ್ಳವಳು' ಎಂದು ಅರ್ಥ ಹೇಳುತ್ತಾರೆ! ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಈ ಪ್ರಸಂಗದ್ದೆಂದು ತಿಳಿಯಲಾದ ಉಬ್ಬುಶಿಲ್ಪವೊಂದಿದೆ. ಆರ್ಫಿಯಸ್, ಯೂರಿಡಿಸಿ, ಅವಳ ಕೈಹಿಡಿದು ಮರಳಿ ಕರೆದೊಯ್ಯಲು ನಿಂತ ಹರ್ಮಿಸ್ ದೇವತೆ, ಈ ಮೂವರ ಮೇಲೆ ಅಲ್ಲಿ ಕೆತ್ತಿರುವುದು ಬೇರೆಯೇ ಕಥೆಯ ಮೂವರ ಹೆಸರುಗಳನ್ನು. ನೇಪಲ್ಸ್‌ನ ಪ್ರತಿಯಲ್ಲಿ ಹೆಸರುಗಳು ಸರಿಯಾಗಿವೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಯ ಗ್ರೀಕ್ ಮೂಲವೊಂದರ ರೋಮನ್ ಪ್ರತಿಗಳು ಇವು. ಆ ಶಿಲ್ಪದಲ್ಲಿ ಯಾರೂ ಅಳುವುದಿಲ್ಲ. ಅವಳ ಒಂದು ಕೈ ಗಂಡನ ಹೆಗಲ ಮೇಲಿದೆ, ಇನ್ನೊಂದು ದೇವತೆಯ ಹಿಡಿತದಲ್ಲಿದೆ.

ಇನ್ನು ಸಂಗೀತ. ಪಾಶ್ಚಾತ್ಯರ ಆಪೆರಾ ಎಂಬ ಗೀತನಾಟಕ ಪ್ರಕಾರವು ಹುಟ್ಟಿದ್ದೇ ಇವಳ ನೆರಳಿನಲ್ಲಿ. ಸಂಗೀತ ಸಮೇತ ಪೂರ್ಣವಾಗಿ ಉಳಿದು ಬಂದಿರುವ ಅತ್ಯಂತ ಹಳೆಯ ಆಪೆರಾ ಯಾಕೊಪೊ ಪೇರಿಯ 'ಯೂರಿಡಿಚೆ'. 1600ರಲ್ಲಿ ಫ್ಲಾರೆನ್ಸಿನ ಅರಮನೆಯಲ್ಲಿ, ಮರಿಯಾ ಡಿ ಮೆಡಿಚಿಗೂ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಗೂ ನಡೆದ ಮದುವೆಯ ಸಮಾರಂಭಕ್ಕಾಗಿ ಅದನ್ನು ಆಡಿದರು. ಮದುವೆ ಮನೆಯಲ್ಲಿ ಮದುಮಗಳು ಸಾಯುವ ಕಥೆಯನ್ನು ಆಡುವುದೆಂದರೇನು? ಆದ್ದರಿಂದ ಅಲ್ಲಿ ಷರತ್ತೂ ಇಲ್ಲ, ಹಿಂತಿರುಗಿ ನೋಡುವುದೂ ಇಲ್ಲ; ದಂಪತಿಗಳು ಸುಖವಾಗಿ ಮನೆಗೆ ಬರುತ್ತಾರೆ. ಏಳು ವರ್ಷಗಳ ಮೇಲೆ, 1607ರಲ್ಲಿ, ಮಾಂಟುವಾದಲ್ಲಿ ಮಾಂಟೆವರ್ಡಿ ರಚಿಸಿದ 'ಆರ್ಫಿಯೊ' ಇಂದಿಗೂ ಹಾಡಲ್ಪಡುವ ಮಹಾಕೃತಿ. ಅದರಲ್ಲಿ ಯೂರಿಡಿಸಿಗೆ ಹಾಡಲು ದೊರೆಯುವುದು ಬಹಳ ಕಡಿಮೆ. ಅವಳು ಸಾಯುವುದು ಕೂಡ ರಂಗದ ಹೊರಗೆ. ದೂತಿಯೊಬ್ಬಳು ಬಂದು ಸುದ್ದಿ ಹೇಳುತ್ತಾಳೆ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು 1762ರಲ್ಲಿ ವಿಯೆನ್ನಾದ ಗ್ಲುಕ್ ಮತ್ತು ಅವನಿಗೆ ಸಾಹಿತ್ಯ ಬರೆದುಕೊಟ್ಟ ಕಾಲ್ಸಬಿಜಿ. ಅವರು ಷರತ್ತಿಗೆ ಇನ್ನೊಂದನ್ನು ಸೇರಿಸಿದರು: ತಾನು ಏಕೆ ನೋಡುತ್ತಿಲ್ಲವೆಂಬುದನ್ನು ಅವನು ಅವಳಿಗೆ ತಿಳಿಸಲೂ ಕೂಡದು. ಈಗ ನೋಡಿ, ಇಡೀ ಪ್ರಸಂಗದ ಬಣ್ಣವೇ ಬದಲಾಯಿತು. ಸತ್ತು ಬದುಕಿ ಬಂದ ಹೆಂಡತಿ ಕತ್ತಲೆಯ ಹಾದಿಯಲ್ಲಿ ಕೇಳುತ್ತಾಳೆ, ನೀನೇಕೆ ನನ್ನ ಮುಖವನ್ನೂ ನೋಡುತ್ತಿಲ್ಲ, ನಾನು ನಿನಗೆ ಬೇಡವಾದೆನೇ ಎಂದು. ಅವನು ಬಾಯಿ ಬಿಡುವಂತಿಲ್ಲ. ಪ್ರೀತಿಯಿಲ್ಲದ ಬದುಕಿಗಿಂತ ಸಾವೇ ಲೇಸೆಂದು ಅವಳು ಕುಸಿಯುವಾಗ ಅವನು ತಾಳಲಾರದೆ ಹೊರಳುತ್ತಾನೆ. ಇಲ್ಲಿ ಅವಳನ್ನು ಎರಡನೆಯ ಸಲ ಕೊಂದದ್ದು ಅವನ ನೋಟವಲ್ಲ, ಅವಳಿಂದ ಮುಚ್ಚಿಟ್ಟ ಸಂಗತಿ. ಆದರೆ ಗ್ಲುಕ್ ಕೂಡ ಆಮೇಲೆ ಜಾರುತ್ತಾನೆ. ಆಪೆರಾದ ಅತ್ಯಂತ ಪ್ರಸಿದ್ಧ ಹಾಡು ಮುಂದಿನ ಕ್ಷಣದಲ್ಲಿ ಬರುತ್ತದೆ. ಅದು ಅವಳಿಲ್ಲದೆ ತಾನೇನು ಮಾಡಲೆಂಬ ಗಂಡನ ಪ್ರಲಾಪ. ಸತ್ತವಳು ಕಾಲ ಬಳಿ ಬಿದ್ದಿದ್ದಾಳೆ, ಸಭೆಯ ಕಣ್ಣೀರೆಲ್ಲ ನಿಂತವನ ಕಡೆಗೆ. ಕೊನೆಗೆ ಪ್ರೇಮದೇವತೆ ಬಂದು ಅವಳನ್ನು ಬದುಕಿಸುತ್ತದೆ.

ಈ ಹಾಡನ್ನು ಕೇಳುವಾಗಲೆಲ್ಲ ನನಗೆ ನನ್ನ ದೊಡ್ಡಕ್ಕನ ಸಾವಿನ ಮನೆ ನೆನಪಾಗುತ್ತದೆ. ಬಂದವರೆಲ್ಲ ಜಗಲಿಯ ಮೇಲೆ ಭಾವನವರ ಪಕ್ಕದಲ್ಲಿ ಕುಳಿತು, "ಇನ್ನು ನಿಮಗೆ ಯಾರು ದಿಕ್ಕು? ಹೊತ್ತಿಗೆ ಸರಿಯಾಗಿ ಕಾಫಿ ಕೊಡುವವರು ಯಾರು?" ಎಂದು ಮರುಗಿದರು. ಮಾತಿನಲ್ಲಿ ಸುಳ್ಳಿರಲಿಲ್ಲ, ಭಾವನವರ ದುಃಖವೂ ಸುಳ್ಳಲ್ಲ. ಅಕ್ಕ ಕಾಶಿಯನ್ನು ನೋಡಬೇಕೆಂದು ನಲವತ್ತು ವರ್ಷ ಹೇಳುತ್ತಿದ್ದಳು. ಹಾರ್ಮೋನಿಯಂ ಕಲಿಯಲು ಆರಂಭಿಸಿ ಮದುವೆಯಾದ ವರ್ಷ ನಿಲ್ಲಿಸಿದ್ದಳು. ಅವಳಿಗೆ ಏನು ನಷ್ಟವಾಯಿತೆಂಬ ಮಾತು ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಸತ್ತವರಿಗೆ ನಷ್ಟವೆಂಬುದು ಉಂಟೇ ಎಂದು ವೇದಾಂತ ಹೇಳಬಹುದು. ಇರಲಿ. ಸತ್ತ ಹೆಂಡತಿಯ ಕಥೆ ಬದುಕಿರುವ ಗಂಡನ ಕಥೆಯಾಗಿ ಮಾರ್ಪಡಲು ಒಂದು ಸಂಜೆ ಸಾಕೆಂಬುದನ್ನು ನಾನು ಆ ಜಗಲಿಯಲ್ಲಿ ಕಂಡೆ.

ಲೂವ್ರ್‌ನಲ್ಲಿಯೇ ಇರುವ ನಿಕೊಲಾ ಪುಸ್ಸಾನನ ಚಿತ್ರವೊಂದನ್ನು ನಾನು ಮುದ್ರಿತ ಪ್ರತಿಯಲ್ಲಿ ಮಾತ್ರ ನೋಡಿದ್ದೇನೆ. 1650ರ ಆಸುಪಾಸಿನದು. ವಿಶಾಲವಾದ ನದಿ, ಹಿಂದೆ ಹೊಗೆಯೇಳುತ್ತಿರುವ ಕೋಟೆ, ಈ ಕಡೆ ಆರ್ಫಿಯಸ್ ಮೈಮರೆತು ನುಡಿಸುತ್ತಿದ್ದಾನೆ, ಕೇಳುವವರು ಪರವಶರಾಗಿದ್ದಾರೆ. ಅವರಿಂದ ಕೆಲವೇ ಹೆಜ್ಜೆ ಆಚೆ ಯೂರಿಡಿಸಿ ಹಾವನ್ನು ಕಂಡು ಬೆಚ್ಚಿ ಹಿಂದೆ ಸರಿಯುತ್ತಿದ್ದಾಳೆ. ಅವಳ ಕಡೆಗೆ ಮುಖ ತಿರುಗಿಸಿರುವವನು ಮೀನು ಹಿಡಿಯುತ್ತ ಕುಳಿತ ಬೆಸ್ತನೊಬ್ಬ ಮಾತ್ರ. ಗಂಡ ನೋಡುತ್ತಿಲ್ಲ, ಅವನು ಹಾಡುತ್ತಿದ್ದಾನೆ. ಪಾತಾಳದ ಬಾಗಿಲಲ್ಲಿ ಅವನೇಕೆ ನೋಡಿದನೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಆ ಬಯಲಿನಲ್ಲಿ ಅವನೇಕೆ ನೋಡಲಿಲ್ಲವೆಂದು ಕೇಳಿದವನು ಈ ಚಿತ್ರಕಾರ. ಯೂರಿಡಿಸಿಯ ಮೇಲೆ ನಾನು ಕಂಡ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಮಿಗಿಲಾದದ್ದಿಲ್ಲ.

ನಗುವ ಮನಸ್ಸಿದ್ದವರಿಗೆ ಆಫೆನ್‌ಬಾಖ್ ಇದ್ದಾನೆ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಆಡಿಸಿದ ಪ್ರಹಸನದಲ್ಲಿ ಆರ್ಫಿಯಸ್ ಒಬ್ಬ ಪಿಟೀಲು ಮೇಷ್ಟ್ರು. ಗಂಡಹೆಂಡಿರಿಗೆ ಒಬ್ಬರ ಮುಖ ಒಬ್ಬರಿಗೆ ಆಗದು. ಅವಳು ಸತ್ತಾಗ ಅವನಿಗೆ ಪರಮಾನಂದ. ಆದರೆ 'ಲೋಕಾಭಿಪ್ರಾಯ' ಎಂಬ ಪಾತ್ರವೊಂದು ಬಂದು, ಮರ್ಯಾದೆಯ ಸಲುವಾಗಿಯಾದರೂ ಹೆಂಡತಿಯನ್ನು ಕರೆತರಲೇಬೇಕೆಂದು ಅವನನ್ನು ಪಾತಾಳಕ್ಕೆ ದಬ್ಬುತ್ತದೆ. ನಮ್ಮ ಊರುಗಳ 'ನಾಲ್ಕು ಜನ ಏನಂದಾರು' ಎಂಬುದಕ್ಕೆ ವೇಷ ಕಟ್ಟಿ ರಂಗಕ್ಕೆ ತಂದಂತೆ! ಅಲ್ಲಿ ಯೂರಿಡಿಸಿಗೆ ಮೊದಲ ಬಾರಿಗೆ ಬಾಯಿ ಇದೆ, ಬಯಕೆ ಇದೆ, ಸಿಟ್ಟಿದೆ. ತಮಾಷೆಯ ಮರೆಯಲ್ಲಿ ಅವಳಿಗೆ ದೊರೆತದ್ದು ಗಂಭೀರ ಕಾವ್ಯದಲ್ಲಿ ದೊರೆಯಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಜರ್ಮನ್ ಭಾಷೆಯ ಕವಿ ರಿಲ್ಕೆ 1904ರಲ್ಲಿ ಬರೆದ ಕವಿತೆಯಲ್ಲಿ ಅವಳು ತನ್ನ ಸಾವಿನಿಂದಲೇ ತುಂಬಿಕೊಂಡಿದ್ದಾಳೆ, ಬಸುರಿಯೊಬ್ಬಳು ಒಳಗಿನ ಜೀವದಿಂದ ತುಂಬಿಕೊಂಡಂತೆ. ಅವನು ಹೊರಳಿ ನೋಡಿದನೆಂದು ಜೊತೆಗಿದ್ದ ದೇವತೆ ಮರುಗಿ ಹೇಳಿದಾಗ, ಯಾರು ಹೊರಳಿದ್ದೆಂಬುದೇ ಅವಳಿಗೆ ತಿಳಿಯದು. ಷರತ್ತು ಹಾಗಿರಲಿ, ಗಂಡನ ನೆನಪೂ ಅವಳಿಗಿಲ್ಲ. ಮೊದಲ ಓದಿಗೆ ಇದು ನಿಷ್ಕರುಣೆಯೆನಿಸುತ್ತದೆ. ದೀರ್ಘಕಾಲ ಹಾಸಿಗೆ ಹಿಡಿದು ನೆನಪು ಮಾಸಿದ ಹಿರಿಯರನ್ನು ನೋಡಿಕೊಂಡವರಿಗೆ ಹಾಗೆನಿಸಲಾರದು. ಅವರು ನಮ್ಮನ್ನು ಬಿಟ್ಟು ಹೋಗುವ ಮೊದಲೇ ಬೇರೊಂದು ಕಡೆಗೆ ನಡೆದಿರುತ್ತಾರೆ. ಬಾಗಿಲಲ್ಲಿ ನಿಂತು ಕರೆಯುವವರು ನಾವು ಮಾತ್ರ.

ಆಮೇಲೆ ಬಂದವರು ಅವಳಿಗೆ ನೇರವಾಗಿಯೇ ದನಿ ಕೊಟ್ಟರು. ಎಚ್.ಡಿ. ಎಂದೇ ಬರೆಯುತ್ತಿದ್ದ ಅಮೆರಿಕದ ಹಿಲ್ಡಾ ಡೂಲಿಟಲ್ 1917ರ ಕವಿತೆಯಲ್ಲಿ ಅವಳಿಗೆ ಕೋಪವನ್ನು ಕೊಟ್ಟಳು: ಸತ್ತು ನೆಮ್ಮದಿಯಾಗಿದ್ದವಳನ್ನು ಎಬ್ಬಿಸಿ ಮತ್ತೆ ಕೊಂದ ಅಹಂಕಾರದ ಮೇಲಿನ ಕೋಪ. ಇಂಗ್ಲೆಂಡಿನ ಕ್ಯಾರಲ್ ಆನ್ ಡಫಿ 1999ರ ತನ್ನ ಸಂಕಲನದಲ್ಲಿ, ವಾಪಸಾಗಲು ಇಷ್ಟವೇ ಇಲ್ಲದ ಯೂರಿಡಿಸಿಯನ್ನು ಸೃಷ್ಟಿಸಿದಳು. ಅಲ್ಲಿ ಅವಳಿಗೆ ಷರತ್ತು ಚೆನ್ನಾಗಿ ಗೊತ್ತು. ಗಂಡನ ಕವಿತೆಯನ್ನು ಹೊಗಳಿಯೇ ಅವನನ್ನು ಹೊರಳಿಸುತ್ತಾಳೆ. ಕವಿಗಳನ್ನು ಬಲ್ಲವರು ಈ ಉಪಾಯವನ್ನು ಅಲ್ಲಗಳೆಯಲಾರರು. 2003ರಲ್ಲಿ ರಂಗವೇರಿದ ಸಾರಾ ರೂಲ್ ಅವರ ನಾಟಕದಲ್ಲಿ ಪಾತಾಳದಲ್ಲಿ ಅವಳ ತೀರಿಹೋದ ತಂದೆ ಸಿಗುತ್ತಾನೆ. ತವರನ್ನೂ ಗಂಡನ ಮನೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದ ಮಗಳ ಸಂಕಟವದು. ದಾರಿಯಲ್ಲಿ ಅವಳೇ ಗಂಡನ ಹೆಸರು ಹಿಡಿದು ಕೂಗುತ್ತಾಳೆ, ಅವನು ಹೊರಳುತ್ತಾನೆ. 2019ರ ಸೆಲೀನ್ ಸಿಯಮಾರ ಫ್ರೆಂಚ್ ಚಲನಚಿತ್ರದಲ್ಲಿ ಮೂವರು ಹೆಂಗಸರು ರಾತ್ರಿ ಅಡುಗೆಮನೆಯಲ್ಲಿ ಕುಳಿತು ಓವಿಡನನ್ನು ಓದಿ ಜಗಳವಾಡುತ್ತಾರೆ. ಅವರಲ್ಲೊಬ್ಬಳು, ಹೊರಳೆಂದು ಹೇಳಿದವಳು ಅವಳೇ ಏಕಾಗಿರಬಾರದು ಎನ್ನುತ್ತಾಳೆ. ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಟೋನಿ ಪ್ರಶಸ್ತಿ ಪಡೆದ ಅನಾಯಿಸ್ ಮಿಚೆಲ್ ಅವರ 'ಹೇಡ್ಸ್‌ಟೌನ್' ಗೀತನಾಟಕದಲ್ಲಂತೂ ಹಾವೇ ನೆಪಮಾತ್ರ. ಗಂಡ ಹಾಡು ಕಟ್ಟುತ್ತ ಕುಳಿತಿರುವಾಗ, ಚಳಿಗೂ ಹಸಿವಿಗೂ ಸೋತು ಅವಳು ತಾನಾಗಿ ಪಾತಾಳದ ಗಿರಣಿಯೂರಿಗೆ ಕೂಲಿಗೆ ಹೋಗುತ್ತಾಳೆ.

ಈ ಹೊಸ ಯೂರಿಡಿಸಿಯರು ನನಗೆ ಪ್ರಿಯರೇ. ಆದರೂ ಒಂದು ತಕರಾರಿದೆ. ಏನೂ ತಿಳಿಯದಿದ್ದವಳನ್ನು ಎಲ್ಲ ತಿಳಿದವಳನ್ನಾಗಿ ಮಾಡಿದಾಗ, ಹೊರಳಿದ್ದರ ಹೊಣೆಯೂ ನಿಧಾನವಾಗಿ ಅವಳ ತಲೆಯ ಮೇಲೆ ಬರುತ್ತದೆ. ಅವಳೇ ಕೂಗಿದಳು, ಅವಳೇ ಮಾಡಿಕೊಂಡಳು ಎಂದು ನಾಳೆ ಹೇಳುವವರು ಇರುತ್ತಾರೆ. ಅವಳ ಅಧಿಕಾರವನ್ನು ಅವಳಿಗೆ ಮರಳಿಸುವ ಉತ್ಸಾಹದಲ್ಲಿ, ಅದನ್ನು ಮೊದಲು ಕಿತ್ತುಕೊಂಡವರು ಮರೆಯಾಗಬಾರದು. ಹುಡುಗಿಯನ್ನು ಬೆನ್ನಟ್ಟಿದ ಅರಿಸ್ಟೇಯಸನನ್ನು ಇವರಲ್ಲಿಯೂ ಹೆಚ್ಚಿನವರು ವಾಪಸು ಕರೆತರಲಿಲ್ಲವೆಂಬುದು ನನಗೆ ಕೊರತೆಯಾಗಿ ಕಾಣುತ್ತದೆ.

ನಮ್ಮ ಓದುಗರಿಗೆ ಇಲ್ಲಿ ಸಾವಿತ್ರಿ ನೆನಪಾಗದೆ ಇರಳು. ಗ್ರೀಸಿನಲ್ಲಿ ಸೋತ ಕೆಲಸವನ್ನು ನಮ್ಮವಳು ಗೆದ್ದಳೆಂದು ಹೆಮ್ಮೆಪಡುವ ಲೇಖನಗಳನ್ನು ನಾನೂ ಓದಿದ್ದೇನೆ. ಆ ಪೈಪೋಟಿಯಲ್ಲಿ ನನಗೆ ಆಸಕ್ತಿಯಿಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಸತ್ಯವಾನನಿಗೆ ಒಂದೇ ವರ್ಷ ಆಯುಷ್ಯವೆಂಬುದು ನಾರದರ ಮಾತಿನಿಂದ ಸಾವಿತ್ರಿಗೆ ಗೊತ್ತು. ಕಾಡಿಗೆ ಸೌದೆಗೆಂದು ಹೊರಟ ಸತ್ಯವಾನನಿಗೆ ಗೊತ್ತಿಲ್ಲ. ಯೂರಿಡಿಸಿಗೆ ಇನ್ನೂ ಹತ್ತಿರದವಳು ಆದಿಪರ್ವದ ಪ್ರಮದ್ವರೆ. ಮದುವೆಗೆ ಮುನ್ನ ಗೆಳತಿಯರೊಡನೆ ಆಡುವಾಗ ಕಾಣದೆ ಹಾವನ್ನು ತುಳಿದು ಸಾಯುತ್ತಾಳೆ. ರುರು ತನ್ನ ಆಯುಷ್ಯದ ಅರ್ಧವನ್ನು ಧಾರೆಯೆರೆದು ಬದುಕಿಸಿಕೊಳ್ಳುತ್ತಾನೆ. ಶ್ರೀ ಅರವಿಂದರು 1899ರಲ್ಲಿ ಇಂಗ್ಲಿಷಿನಲ್ಲಿ ಬರೆದ 'ಲವ್ ಅಂಡ್ ಡೆತ್' ಕಾವ್ಯಕ್ಕೆ ಇದೇ ಕಥೆಯನ್ನು ಆರಿಸಿಕೊಂಡು, ರುರುವನ್ನು ಆರ್ಫಿಯಸನಂತೆ ಪಾತಾಳಕ್ಕೆ ಇಳಿಸಿದರು. ಮಹಾಭಾರತದ ಪ್ರಮದ್ವರೆ ನಿದ್ರೆಯಿಂದ ಎದ್ದವಳಂತೆ ಏಳುತ್ತಾಳೆ. ತನಗಾಗಿ ಕುದುರಿದ ಒಪ್ಪಂದ ಅವಳಿಗೂ ತಿಳಿದಿರಲಿಲ್ಲ. ರುರುವಂತೂ ಆಮೇಲೆ ಕಂಡ ಹಾವುಗಳನ್ನೆಲ್ಲ ಬಡಿಯುತ್ತ ತಿರುಗಿದ!

ಅವಳ ಆಕರ್ಷಣೆಗೆ ಕಾರಣ ಅಮರಪ್ರೇಮವೆಂದು ಬರೆಯುವವರು ಆರ್ಫಿಯಸನ ಕಥೆಯನ್ನು ಓದುತ್ತಿದ್ದಾರೆ. ನನಗೆ ಕಾಣುವ ಕಾರಣ ಬೇರೆ. ತಮ್ಮ ಬದುಕಿನ ಮುಖ್ಯ ನಿರ್ಧಾರ ತಮ್ಮನ್ನು ಕೇಳದೆಯೇ, ಪಕ್ಕದ ಕೋಣೆಯಲ್ಲಿ, ತಮ್ಮನ್ನು ಪ್ರೀತಿಸುವವರಿಂದಲೇ ಆಗಿಹೋಯಿತೆಂದು ಅರಿತವರು ಪ್ರತಿ ತಲೆಮಾರಿನಲ್ಲಿಯೂ ಇರುತ್ತಾರೆ. ಜಾತಕ ಕೂಡಿತೆಂದು ತಿಳಿದ ಹುಡುಗಿ, ಕಾಯಿಲೆಯ ಹೆಸರನ್ನು ಮನೆಯವರು ಮುಚ್ಚಿಟ್ಟ ರೋಗಿ, ಊರ ಮನೆ ಮಾರಾಟವಾದ ಮೇಲೆ ಸುದ್ದಿ ಕೇಳಿದ ಮುದುಕ. ಅವರು ಆರ್ಫಿಯಸನ ಹಾಡಿಗೆ ಕಣ್ಣೀರು ಹಾಕಿಯಾರು. ಆದರೆ ಆ ಕತ್ತಲೆಯ ಹಾದಿಯಲ್ಲಿ ತಾವು ನಿಂತಿರುವ ಜಾಗ ಯಾವುದೆಂದು ಅವರಿಗೆ ಗೊತ್ತು.

ಓವಿಡನ ಹನ್ನೊಂದನೆಯ ಭಾಗವನ್ನು ಹೆಚ್ಚಿನ ಜನ ಓದುವುದಿಲ್ಲ, ಕಥೆ ಹತ್ತರಲ್ಲೇ ಮುಗಿಯಿತೆಂದು ಭಾವಿಸುತ್ತಾರೆ. ಹನ್ನೊಂದರಲ್ಲಿ ಆರ್ಫಿಯಸ್ ಉನ್ಮತ್ತ ಹೆಂಗಸರ ಕೈಗೆ ಸಿಕ್ಕಿ ಸಾಯುತ್ತಾನೆ. ಅವನ ನೆರಳು ಹಿಂದೆ ನೋಡಿದ್ದ ದಾರಿಯಲ್ಲಿಯೇ ಪಾತಾಳಕ್ಕಿಳಿದು ಯೂರಿಡಿಸಿಯನ್ನು ಹುಡುಕಿ ಅಪ್ಪಿಕೊಳ್ಳುತ್ತದೆ. ಅಲ್ಲಿ ಇಬ್ಬರೂ ಜೊತೆಯಾಗಿ ನಡೆಯುತ್ತಾರೆ. ಒಮ್ಮೆ ಅವಳು ಮುಂದೆ, ಅವನು ಹಿಂದೆ. ಒಮ್ಮೆ ಅವನು ಮುಂದೆ. ಈಗ ಅವನು ಎಷ್ಟು ಬಾರಿ ಹಿಂತಿರುಗಿ ನೋಡಿದರೂ ಅಪಾಯವಿಲ್ಲ. ಅವನು ಅಪ್ಪಿದಾಗ ಅವಳು ಏನೆಂದಳೆಂಬುದನ್ನು ಓವಿಡ್ ಅಲ್ಲಿಯೂ ಬರೆದಿಲ್ಲ.